ರಕ್ತ ಇಳಿಯುವುದನ್ನು ಕಾಯುವ ಫರೀದಾ

ಬೆಳಗ್ಗೆ ಆರೂಕಾಲು. ಶೆಟ್ಟಿಹಳ್ಳಿ ಮುಖ್ಯರಸ್ತೆಯ ಬೇಕರಿಯ ಮೇಲೆ ಎರಡು ಕೋಣೆಯ ಒಂದು ಲ್ಯಾಬಿದೆ. ಬಾಗಿಲು ತೆಗೆದ ಫರೀದಾ ಬುರ್ಖಾವನ್ನು ಮೊಳೆಗೆ ತೂಗುಹಾಕಿ, ಬಿಳಿ ಕೋಟು ತೊಟ್ಟು, ಚೀಲದಿಂದ ಮೊದಲು ಹೊರಗೆ ತೆಗೆಯುವುದು ಮೇಸ್ತ್ರಿಗಳು ಬಳಸುವ ರಸಮಟ್ಟವನ್ನು. ಅದನ್ನು ಮೇಜಿನ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು, ಒಳಗಿನ ಗಾಳಿಗುಳ್ಳೆ ನಟ್ಟನಡುವೆ ಬಂದು ನಿಲ್ಲುವವರೆಗೂ ಬಗ್ಗಿ ನೋಡುತ್ತಾರೆ. ಅದೇ ಹೊತ್ತಿಗೆ ಮನೆಯಲ್ಲಿ ಅವರ ಗಂಡ, ಟೈಲ್ಸ್ ಮೇಸ್ತ್ರಿ ತಾಜುದ್ದೀನ್, ಅದೇ ರಸಮಟ್ಟಕ್ಕಾಗಿ ಮಂಚದಡಿ ಹುಡುಕುತ್ತಿರುತ್ತಾರೆ.

"ಹೊಸದು ತಗೊಳ್ಳಿ ಅಂದ್ರೆ, ಕೈಗೆ ಪಳಗಿರೋದು ಅದೇ ಅಂತಾರೆ. ನನಗೂ ಅದೇ ಪಳಗಿದೆ. ಏನ್ ಮಾಡ್ಲಿ?" ಎನ್ನುತ್ತಾರೆ ಫರೀದಾ.

ಮೈಯೊಳಗೆ ಎಲ್ಲಾದರೂ ಉರಿಯೂತವಿದ್ದರೆ, ಅದು ಬಾತ ಕೀಲಿರಲಿ, ಅಡಗಿ ಕೂತ ಸೋಂಕಿರಲಿ, ರಕ್ತ ಅದರ ಗುಟ್ಟು ಬಿಟ್ಟುಕೊಡುತ್ತದೆ. ಸಿ.ಆರ್.ಪಿ. ಎಂಬ ಪರೀಕ್ಷೆಗೆ ಇಲ್ಲಿ ಯಂತ್ರವಿದೆ; ಕೆಲವೇ ನಿಮಿಷಗಳಲ್ಲಿ ಅಂಕಿ ಹೇಳುತ್ತದೆ. ಇ.ಎಸ್.ಆರ್. ಎಂಬ ಹಳೆಯ ಪರೀಕ್ಷೆಗೆ ಫರೀದಾ ಇದ್ದಾರೆ. ನೆಟ್ಟಗೆ ನಿಲ್ಲಿಸಿದ ಸಪೂರ ಗಾಜಿನ ಕೊಳವೆಯಲ್ಲಿ ರಕ್ತದ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ಅವರು ಓದಿ ಬರೆಯಬೇಕು. ಉರಿಯೂತ ಹೆಚ್ಚಿದ್ದಷ್ಟೂ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಆ ಒಂದು ಗಂಟೆಯನ್ನು ಐವತ್ತು ನಿಮಿಷ ಮಾಡುವಂತಿಲ್ಲ, ಎಪ್ಪತ್ತೂ ಮಾಡುವಂತಿಲ್ಲ. ನನ್ನ ಅಜ್ಜಿಯ ಕತೆಗಳಲ್ಲಿ ಕಾವಲು ಕೂತವರಿಗೆಲ್ಲ ಸರಿಯಾದ ಹೊತ್ತಿಗೇ ನಿದ್ದೆ ಬರುತ್ತಿತ್ತು, ಬರದಿದ್ದರೆ ಕತೆ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಫರೀದಾ ಕೂತ ಕಡೆ ಅಂಥ ಕತೆ ಹುಟ್ಟುವ ಸಾಧ್ಯತೆ ಕಡಿಮೆ.

ದಿನಕ್ಕೆ ನಲವತ್ತು ಜನರ ತೋಳು, ಹತ್ತು ಹನ್ನೆರಡು ಕೊಳವೆ. ಹದಿನೇಳು ವರ್ಷದಿಂದ ಇದೇ ದಿನಚರಿ. ಸಕ್ಕರೆ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಬಂದವರ ಮೂಗಿಗೆ ಕೆಳಗಿನ ಬೇಕರಿಯ ಬಿಸಿ ಬನ್ನಿನ ವಾಸನೆ ಅಡರುತ್ತದೆ. ಸರದಿ ಬರುವ ಮೊದಲೇ ಒಂದಿಬ್ಬರು ಮೆಟ್ಟಿಲಿಳಿದು ಮಾಯವಾಗುತ್ತಾರೆ. ಮರಳಿ ಬಂದಾಗ ಮೀಸೆಯ ಮೇಲಿನ ಚೂರು ನೋಡಿಯೇ ಫರೀದಾ ನಾಳೆ ಬನ್ನಿ ಎನ್ನುತ್ತಾರೆ.

ಮದುವೆಯಾಗಿ ಎರಡನೇ ಮಗು ಹುಟ್ಟಿದ ಮೇಲೆ ಲ್ಯಾಬ್ ಡಿಪ್ಲೊಮಾ ಓದಿದವರು ಇವರು. ಸೊಸೆ ಊರವರ ರಕ್ತ ಮುಟ್ಟುವುದು ಅತ್ತೆ ಖುರ್ಷೀದ್ ಅವರಿಗೆ ಸರಿಕಾಣಲಿಲ್ಲ. ತಾಜುದ್ದೀನ್ ಕಟ್ಟಡದ ಸಾರುವೆಯಿಂದ ಬಿದ್ದು ಒಂದೂವರೆ ವರ್ಷ ಮಲಗಿದಾಗ ಮನೆ ನಡೆದದ್ದು ಆ ರಕ್ತದಿಂದಲೇ. ಈಗ ಅದೇ ಅತ್ತೆ ನಾಗಸಂದ್ರದ ನೆಂಟರ ರಿಪೋರ್ಟುಗಳನ್ನೆಲ್ಲ ಫೋನಿಗೆ ತರಿಸಿಕೊಂಡು, ಸೊಸೆ ಊಟಕ್ಕೆ ಕೂತಾಗ ಒಂದೊಂದಾಗಿ ಮುಂದಿಡುತ್ತಾರಂತೆ.

ರಸಮಟ್ಟ ಲ್ಯಾಬಿಗೆ ಬರತೊಡಗಿದ್ದು ಎರಡು ವರ್ಷದ ಹಿಂದಿನ ಒಂದು ಬೆಳಗಿನಿಂದ. ಮೇಜಿನ ಒಂದು ಕಾಲಿನಡಿ ಮಡಚಿಟ್ಟ ರಟ್ಟಿತ್ತು. ಗುಡಿಸಲು ಬರುವ ಶಾಂತಲಾ ಅದನ್ನು ಕಸವೆಂದು ತೆಗೆದುಬಿಟ್ಟರು. ಮೇಜು ಕಣ್ಣಿಗೆ ಕಾಣದಷ್ಟು ವಾಲಿತು. ಕೊಳವೆ ವಾಲಿದರೆ ಕಣಗಳು ಅದರ ಗೋಡೆಗುಂಟ ಸರಸರ ಜಾರುತ್ತವೆ. ಅಂದು ಇ.ಎಸ್.ಆರ್.ಗೆ ಬಂದ ಹನ್ನೊಂದು ಜನರಿಗೂ ಉರಿಯೂತ ಏರಿತ್ತು.

"ದಿವ್ಯ ಅಂತ ಕಬಡ್ಡಿ ಆಡೋ ಹುಡುಗಿ. ಮೂರ್ಮೂರು ಮೆಟ್ಟಿಲು ಹಾರ್ಕೊಂಡ್ ಬಂದಿದ್ಲು. ಅವಳಿಗೂ ನಲವತ್ನಾಲ್ಕು, ಇಪ್ಪತ್ತರೊಳಗೆ ಇರ್ಬೇಕಾದ್ದು. ಒಂದೇ ರಾತ್ರೀಲಿ ಇಡೀ ಶೆಟ್ಟಿಹಳ್ಳಿ ಬಾತ್ಕೊಳ್ಳಕ್ಕೆ ಆಗುತ್ತಾ?"

ಗಂಡನ ರಸಮಟ್ಟ ತಂದು ಮೇಜಿನ ಮೇಲಿಟ್ಟರೆ ಗಾಳಿಗುಳ್ಳೆ ಒಂದು ಬದಿಗೆ ಸರಿದಿತ್ತು. ರಕ್ತ ಕೆಟ್ಟಿತ್ತು ಎಂದು ಹೇಳಿಬಿಡಿ ಎಂಬುದು ಲ್ಯಾಬಿನ ಮಾಲೀಕರ ಸಲಹೆಯಾಗಿತ್ತು. ಫರೀದಾ ಹನ್ನೊಂದು ಮನೆಗೂ ಫೋನ್ ಮಾಡಿ, ಮೇಜು ವಾಲಿತ್ತು, ತಪ್ಪು ನನ್ನದು, ಇನ್ನೊಮ್ಮೆ ಚುಚ್ಚಬೇಕು ಎಂದರು. ಎಲ್ಲರೂ ಬಂದರು. ಸೂಜಿ ಕಂಡು ಬೆಳಗ್ಗೆ ಮೂರ್ಛೆ ಹೋಗಿದ್ದವರು ಸಂಜೆಯೂ ಅದೇ ಕುರ್ಚಿಯಲ್ಲಿ ಮೂರ್ಛೆ ಹೋದರು.

ಏಳು ಗಂಟೆಗೆ ಮಾರಮ್ಮ ಬರುತ್ತಾರೆ. ಅರವತ್ತೆರಡು ವಯಸ್ಸು, ಊರಿನ ಹಳೇ ಮನೆತನ, ಜಾಲಹಳ್ಳಿ ಕಡೆ ಮುದ್ದೆ ಹೋಟೆಲು. ಹನ್ನೊಂದು ತಿಂಗಳಿಂದ ಸಂಧಿವಾತದಲ್ಲಿ ಬೆರಳುಗಳು ಬಾತು, ಮುದ್ದೆಕೋಲು ಸೊಸೆ ರಮಾ ಕೈಗೆ ಹೋಗಿದೆ. ಇ.ಎಸ್.ಆರ್. ಮೂವತ್ತರ ಒಳಗೆ ಬಂದರೆ ಮಾತ್ರೆ ಕಡಿಮೆ ಮಾಡಿ, ಒಲೆ ಮುಂದೆ ನಿಲ್ಲಲು ಬಿಡುತ್ತೇನೆ ಎಂದಿದ್ದಾರೆ ಡಾಕ್ಟರ್ ವಿಜಯ್ ಕುಮಾರ್. ಹೋದ ತಿಂಗಳು ನಲವತ್ತೆಂಟಿತ್ತು.

"ಇವ್ಳ ಮುದ್ದೆ ತಿಂದೋರು ನೀರ್ ಕೇಳಲ್ಲ ಕಣವ್ವ, ಸುತ್ಗೆ ಕೇಳ್ತವ್ರೆ" ಎಂದು ತೋಳು ಚಾಚುತ್ತಾರೆ ಮಾರಮ್ಮ.

ಪಕ್ಕದಲ್ಲೇ ಕೂತ ರಮಾಗೆ ಬೇಜಾರಾಗುವುದಿಲ್ಲ. "ಅತ್ತೆ ಕೈ ಸರಿಹೋದ್ರೆ ನನ್ನಷ್ಟು ಖುಷಿ ಯಾರ್ಗೂ ಆಗಲ್ಲ ಮೇಡಂ. ನಾನೂ ಅದೇ ಮುದ್ದೆ ತಿನ್ಬೇಕಲ್ವಾ."

ಏಳೂ ಹತ್ತಕ್ಕೆ ಕೊಳವೆ ನಿಲ್ಲುತ್ತದೆ. ಮೇಜಿಗೆ ಮೊಣಕೈ ತಾಗಿಸಬಾರದೆಂದು ಮಾರಮ್ಮನನ್ನು ಗೋಡೆ ಪಕ್ಕ ಕೂರಿಸಲಾಗಿದೆ. ಅಲ್ಲಿಂದಲೇ ಅವರು ತಮ್ಮ ರಕ್ತಕ್ಕೆ ಬುದ್ಧಿ ಹೇಳುತ್ತಾರೆ, ನಿಂತ್ಕೊ, ಅಲ್ಲೇ ನಿಂತ್ಕೊ ಎಂದು ಗದರುತ್ತಾರೆ, ಒಮ್ಮೆ ಕೈಮುಗಿಯುತ್ತಾರೆ. ಎಂಟೂ ಹತ್ತಕ್ಕೆ ಫರೀದಾ ಕನ್ನಡಕ ಏರಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದುತ್ತಾರೆ. ಮೂವತ್ತೆರಡು.

"ಎರಡೇ ತಾನೆ? ಬಿಟ್ಬುಡವ್ವ" ಎನ್ನುತ್ತಾರೆ ಮಾರಮ್ಮ. "ಸೊಪ್ಪಿನೋಳೂ ಎರಡು ಕಡ್ಡಿ ಎಚ್ಚಿಗೆ ಆಕ್ತಾಳೆ."

ಅದಾಗದು ಎಂದಾಗ ಮೇಜೇ ವಾಲಿದೆ ಎಂಬ ಆರೋಪ ಬರುತ್ತದೆ. ಫರೀದಾ ರಸಮಟ್ಟ ಇಟ್ಟು ತೋರಿಸುತ್ತಾರೆ. ಹಾಗಾದರೆ ಗಾಳಿಗುಳ್ಳೆಯೇ ವಾಲಿದೆ ಎನ್ನುತ್ತಾರೆ ಮಾರಮ್ಮ.

"ಅಮ್ಮ, ನಾನು ಎರಡು ಕಮ್ಮಿ ಬರೆದ್ರೆ ಡಾಕ್ಟ್ರು ನಂಬಿ ಮಾತ್ರೆ ಕಮ್ಮಿ ಮಾಡ್ತಾರೆ. ನಾನು ಸುಳ್ಳು ಬರ್ದಿದ್ದು ಒಳಗಿರೋ ಉರಿಗೆ ಗೊತ್ತಿರಲ್ಲ. ನಾಳೆ ಮತ್ತೆ ಕೈ ಬಾತ್ರೆ ನಾನ್ ಬಂದು ಮುದ್ದೆ ತಿರುವ್ಲಾ?"

ಮಾರಮ್ಮ ಇವರನ್ನು ಮೇಲಿಂದ ಕೆಳಗೆ ಅಳೆಯುತ್ತಾರೆ. "ಬ್ಯಾಡ. ಇವ್ಳೇ ಸಾಕು."

ಸಿ.ಆರ್.ಪಿ. ಹೋದ ತಿಂಗಳ ಹತ್ತೊಂಬತ್ತರಿಂದ ಐದಕ್ಕೆ ಬಂದಿದೆ. ಅದು ಒಳ್ಳೆಯ ಸುದ್ದಿಯೆಂದು ಫರೀದಾ ಅವರಿಗೆ ಗೊತ್ತು, ಆದರೆ ಹೇಳುವ ಹಕ್ಕು ಡಾಕ್ಟರರದು. ಎರಡೂ ಅಂಕಿ ಬರೆದು, ಸಹಿ ಹಾಕಿ ಕೊಡುತ್ತಾರೆ. ಮಾರಮ್ಮ ಮುಖ ಊದಿಸಿಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಮೆಟ್ಟಿಲಿಳಿಯುತ್ತಾರೆ. ಆಮೇಲೆ ಬಂದ ಮೂವರ ತೋಳಿನಲ್ಲಿ ನರ ಹುಡುಕುವಾಗಲೂ ಫರೀದಾರ ಕಣ್ಣು ಬಾಗಿಲ ಕಡೆ ಹೋಗುತ್ತಿರುತ್ತದೆ.

ಹನ್ನೊಂದಕ್ಕೆ ಮಾರಮ್ಮ ಏದುಸಿರು ಬಿಡುತ್ತ ಮರಳುತ್ತಾರೆ, ಹಿಂದೆ ನಗುತ್ತ ರಮಾ. ಸಿ.ಆರ್.ಪಿ. ಬೇಗ ತಗ್ಗುತ್ತದೆ, ಇ.ಎಸ್.ಆರ್. ಅದರ ಹಿಂದೆ ನಿಧಾನಕ್ಕೆ ಬರುತ್ತದೆ, ನಲವತ್ತೆಂಟರಿಂದ ಮೂವತ್ತೆರಡಕ್ಕೆ ಬಂದದ್ದೇ ಸಾಕು ಎಂದರಂತೆ ಡಾಕ್ಟರು. ಅರ್ಧ ಮಾತ್ರೆ ಕಡಿತ. ಒಲೆ ಮುಂದೆ ಬೆಳಗಿನ ಪಾಳಿ ಮಾತ್ರ, ಚಿಕ್ಕ ಪಾತ್ರೆ ಮಾತ್ರ.

ಬೆಂಚಿನ ಮೇಲೆ ಹತ್ತಿ ಒತ್ತಿಕೊಂಡು ಕೂತವರಿಗೆಲ್ಲ ಮಾರಮ್ಮ ತಮ್ಮ ಬೆರಳುಗಳನ್ನು ಮಡಚಿ ಬಿಡಿಸಿ ತೋರಿಸುತ್ತಾರೆ. "ನೋಡ್ರಪ್ಪ, ಎಲ್ಲಾ ಈ ಫರೀದಮ್ಮನೇ ಕಮ್ಮಿ ಮಾಡ್ಕೊಟ್ಟಿದ್ದು."

ಮುಂದಿನವರ ತೋಳಿಗೆ ಪಟ್ಟಿ ಬಿಗಿಯುತ್ತಿದ್ದ ಫರೀದಾ ತಲೆ ಎತ್ತುವುದಿಲ್ಲ.

"ನಾನ್ ಕಮ್ಮಿ ಮಾಡಿಲ್ಲಮ್ಮ. ಕಮ್ಮಿ ಆಗಿದ್ದನ್ನ ನೋಡ್ದೆ, ಅಷ್ಟೇ."