ಕೊಳ್ಳೇಗಾಲದ ರೇಷ್ಮೆಯ ಮೇಲೆ ಒಂದು ಮುಖ

ಮಾಘ ಮಾಸದ ಒಂದು ಬೆಳಿಗ್ಗೆ ನಾವು ಯಳಂದೂರಿನಿಂದ ಹೊರಟೆವು. ನಾವು ಎಂದರೆ ಮಕ್ಕಳೇ, ನಾನು, ಇನ್ನೂ ತೊದಲುತ್ತಿದ್ದ ನಿಮ್ಮ ಅಪ್ಪ, ಮತ್ತು ನನ್ನ ಅಣ್ಣ ಮಹದೇವ. ನಿಮ್ಮ ತಾತ ಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು. ತವರಿನಲ್ಲಿ ಕೆಲವು ತಿಂಗಳಿದ್ದು ಹನೂರಿಗೆ, ಅತ್ತೆಯ ಮನೆಗೆ ಹಿಂದಿರುಗುತ್ತಿದ್ದೆ. ತವರಿಗೆ ಕಳಿಸುವಾಗ ಅತ್ತೆ ನನ್ನ ಕೈ ಹಿಡಿದು, "ಅವನ್ ಮೊಕ ನಂಗೆ ಮರ್ತೋಯ್ತಾ ಐತೆ ಕಣವ್ವ. ನಿಮ್ಮಣ್ಣ ಅದೇನೋ ಪಟ ತೆಗ್ದಿದ್ನಲ್ಲ, ಅದ ತಕಬಾ" ಎಂದಿದ್ದರು.

ಪಟ ಇದ್ದದ್ದು ಒಂದು ಗಾಜಿನ ಹಲಗೆಯ ಮೇಲೆ. ಅದರಲ್ಲಿ ಬಿಳಿಯದೆಲ್ಲ ಕಪ್ಪು, ಕಪ್ಪೆಲ್ಲ ಬಿಳಿ. ಹಾಗೇ ನೋಡಿದರೆ ಮನುಷ್ಯನ ಗುರುತು ಹತ್ತುತ್ತಿರಲಿಲ್ಲ. ಅದನ್ನು ಕಾಗದಕ್ಕೆ ಇಳಿಸಬೇಕು. ಯುದ್ಧದ ಕಾಲ, ಫೋಟೋ ಕಾಗದ ಮೈಸೂರಿನಲ್ಲೂ ಸಿಗುತ್ತಿರಲಿಲ್ಲ. ಆದರೆ ಅಣ್ಣ ಕಚೇರಿಯಲ್ಲಿ ನಕ್ಷೆ ಬರೆಯುವವನು. ನಕ್ಷೆಗಳನ್ನು ಬಿಸಿಲಿಗೆ ಹಿಡಿದು ನೀಲಿ ಪ್ರತಿ ತೆಗೆಯುವ ಔಷಧಿ ಅವನಿಗೆ ಗೊತ್ತಿತ್ತು. "ಕಾಗ್ದ ಯಾಕೆ ಗೌರಿ? ರೇಷ್ಮೆ ಮ್ಯಾಲೆ ಇಳ್ಸಾನ! ಕೊಳ್ಳೇಗಾಲದ ರೇಷ್ಮೆ ಮ್ಯಾಲೆ!" ಎಂದು ಹಿಂದಿನ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ.

ಅವನ ಸಾಮಾನು ನೋಡಬೇಕಿತ್ತು! ಹಾರ್ಮೋನಿಯಂ ತಿದಿಯಂತೆ ಬಿಚ್ಚಿಕೊಳ್ಳುವ ಮರದ ಕ್ಯಾಮರಾ, ಮುಕ್ಕಾಲಿ, ತಲೆಗೆ ಮುಸುಕುವ ಕಪ್ಪು ಬಟ್ಟೆ, ಹಿತ್ತಾಳೆ ಚಿಲಕದ ಅಚ್ಚಿನ ಚೌಕಟ್ಟು, ಕಂದು ಬಣ್ಣದ ಎರಡು ಸೀಸೆ. ಬಸ್ಸು ಇದ್ದಿಲಿನದು. ಹಿಂಭಾಗದ ಒಲೆಗೆ ಇದ್ದಿಲು ತುಂಬಿ ಗಾಳಿಚಕ್ರ ತಿರುಗಿಸಿದರೆ ಮಾತ್ರ ಹೊರಡುತ್ತಿತ್ತು. ಕಂಡಕ್ಟರು ಸೀಸೆಗಳನ್ನು ನೋಡಿ, "ಏನ್ ಸಾ, ಒಳಗಡೆ ಪರಮಾತ್ಮನಾ?" ಎಂದ. "ನಿನ್ ಮೊಕಾನೂ ನೀಲಿ ಮಾಡೋ ಔಸ್ದಿ ಕಣ್ಲಾ" ಎಂದು ಅಣ್ಣ ಹೇಳಿದ ಮೇಲೆ ಅವನು ಆ ಕಡೆ ಕೈ ಹಾಕಲಿಲ್ಲ. ತಲೆಗೆ ನಾಲ್ಕಾಣೆ ತೆಗೆದುಕೊಂಡ. ಹತ್ತು ಮೈಲಿಯೊಳಗೆ ಮೈಸೂರು ಸೀಮೆ ಮುಗಿದು ಕೊಯಮತ್ತೂರು ಜಿಲ್ಲೆ ಬಂತು. ಕೊಳ್ಳೇಗಾಲ ಆಗ ಅದಕ್ಕೆ ಸೇರಿತ್ತು.

ಇಳಿದುಕೊಂಡದ್ದು ಅಣ್ಣನ ಗೆಳೆಯ ಸಿದ್ದಣ್ಣನ ಮನೆಯಲ್ಲಿ. ರೇಷ್ಮೆ ನೇಯುವವರು. ಒಳಗೆ ಕಾಲಿಟ್ಟರೆ ಮಗ್ಗದ ಸದ್ದು, ಬಣ್ಣದ ಹಂಡೆಗಳ ವಾಸನೆ. ಸಿದ್ದಣ್ಣನ ತಾಯಿ ಚೌಡಮ್ಮ ನಮಗೆ ಅವರೆಕಾಳಿನ ಸಾರು, ಮುದ್ದೆ ಬಡಿಸಿದರು. ಅಣ್ಣ ತಿಂದನೋ ಇಲ್ಲವೋ, ಕತ್ತಲೆ ಕೋಣೆ ಹೊಕ್ಕು ಎರಡು ಸೀಸೆಯ ನೀರು ಬೆರೆಸಿ ರೇಷ್ಮೆಯ ತುಂಡುಗಳಿಗೆ ಬಳಿದ. ಮೊದಲು ಪರೀಕ್ಷೆಗೆಂದು ಒಂದು ಹುಣಿಸೆ ಸೊಪ್ಪಿನ ಕಡ್ಡಿಯನ್ನು ಚೌಕಟ್ಟಿಗೆ ಹಾಕಿ ಬಿಸಿಲಿಗಿಟ್ಟ. ನೀರಿನಲ್ಲಿ ಅಲುಬಿದಾಗ, ಅಬ್ಬಾ! ಕಡು ನೀಲಿಯ ನಡುವೆ ಒಂದೊಂದು ಪುಟ್ಟ ಎಲೆಯೂ ಬೆಳ್ಳಗೆ ಎದ್ದು ನಿಂತಿತು. ಸಿದ್ದಣ್ಣ ಮಗ್ಗ ಬಿಟ್ಟು ಓಡಿಬಂದ. "ಲೇ ಮಾದೇವ, ಸೂರ್ಯನ ಕೈಲಿ ಅಂಚು ನೇಯಿಸ್ತಾ ಇದ್ದೀಯಲ್ಲೋ!"

ಆಮೇಲೆ ಗಾಜಿನ ಸರದಿ. ಅಣ್ಣನಿಗೆ ಆತುರ. ರೇಷ್ಮೆ ಪೂರ್ತಿ ಒಣಗುವ ಮೊದಲೇ ಗಾಜಿಗೆ ಒತ್ತಿ ಬಿಸಿಲಿಗಿಟ್ಟ. ತೆಗೆಯುವಾಗ ಹಸಿ ಬಟ್ಟೆಗೆ ಗಾಜಿನ ಮೇಲೆ ಪಟವಿದ್ದ ಪದರವೇ ಅಂಟಿ ಚೂರುಚೂರಾಗಿ ಕಿತ್ತು ಬಂತು. ಗಾಜು ಬರೀ ಗಾಜಾಯಿತು. ಅಣ್ಣನ ಮುಖ ಬಿಳಿಚಿತು. ಆದರೆ ನೀರಿಗೆ ಹಾಕಿದ ಬಟ್ಟೆಯಲ್ಲಿ ನಿಮ್ಮ ತಾತ ನೀಲಿಯಾಗಿ ಮೂಡಿದರು. ರುಮಾಲು, ಮೀಸೆ, ನಗು ತಡೆದ ತುಟಿ. ಇನ್ನು ಲೋಕದಲ್ಲಿ ಅವರ ಮುಖ ಉಳಿದದ್ದು ಆ ಬಟ್ಟೆಯಲ್ಲಿ ಮಾತ್ರ. ಅದನ್ನು ತಟ್ಟೆಯ ನೀರಿನಲ್ಲೇ ಬಿಟ್ಟು, ಸಿದ್ದಣ್ಣನಿಗೆ ತೋರಿಸಬೇಕೆಂದು ಅವನನ್ನು ಕರೆಯಲು ಒಳಗೆ ಹೋದೆವು.

ಹಿಂದಿರುಗಿದರೆ ತಟ್ಟೆ ಖಾಲಿ.

"ಅಯ್ಯೋ, ಅಂಟೇ ಬುಟ್ಟಿಲ್ಲ, ಮ್ಯಾಲೆ ನೀಲಿ ಬ್ಯಾರೆ ಚೆಲ್ಲವ್ರೆ ಅಂತ ಸೋಡಕ್ಕೆ ಆಕ್ದೆ ಕಣಪ್ಪ," ಎಂದರು ಚೌಡಮ್ಮ. ರೇಷ್ಮೆಯ ಅಂಟು ಬಿಡಿಸಲು ಸೋಡಾ ನೀರಿನಲ್ಲಿ ನೆನೆಹಾಕುವುದು ಆ ಮನೆಯ ದಿನದ ಕೆಲಸ. ಒರಟು ರೇಷ್ಮೆ ಕಂಡರೆ ಅವರ ಕೈ ತಡೆಯುತ್ತಿರಲಿಲ್ಲ. ಅಣ್ಣ ಹಂಡೆಯಿಂದ ಬಟ್ಟೆ ಎತ್ತಿದ. ನೀಲಿ ಹೋಗಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಮುಖವಿದ್ದ ಜಾಗದಲ್ಲಿ ತೆಳು ಹಳದಿ ಕಲೆ. ವಿಷಯ ತಿಳಿದ ಚೌಡಮ್ಮ ಸೆರಗು ಬಾಯಿಗೆ ಹಿಡಿದು ಅಲ್ಲೇ ಕುಳಿತುಬಿಟ್ಟರು.

ಪರಸ್ಥಳದ ಗಂಡಸರ ಎದುರು ನಾನು ಬಾಯಿ ಬಿಡುವವಳಲ್ಲ. ಬಾಗಿಲ ಮರೆಯಿಂದಲೇ ಮೆಲ್ಲಗೆ ಕೇಳಿದೆ: "ಅಣ್ಣಾ, ನಿನ್ನ ಔಸ್ದೀಲಿ ಕಬ್ಣ ಐತೆ ಅಂದಿದ್ದಲ್ವಾ?"

"ಐತೆ. ಅದ ಕಟ್ಕಂಡು ಈಗೇನು?"

"ಆ ಅಳದಿ ಕಬ್ಣದ್ದೇ ಆಗಿದ್ರೆ... ಇಸ್ಕೂಲಲ್ಲಿ ಮಸಿ ಮಾಡ್ತಿರ್ಲಿಲ್ವಾ ನಾವು?"

ನಮ್ಮ ಹಳ್ಳಿ ಶಾಲೆಯಲ್ಲಿ ಮಸಿಯನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಅಳಲೆಕಾಯಿ ಕುಟ್ಟಿ ನೆನೆಸಿದ ನೀರಿಗೆ ಅನ್ನಭೇದಿ ಹಾಕಿದರೆ ನೋಡನೋಡುತ್ತ ಕಪ್ಪಾಗುತ್ತಿತ್ತು. ಅನ್ನಭೇದಿ ಕಬ್ಬಿಣದ ಉಪ್ಪು ಎಂದು ಮೇಷ್ಟ್ರು ಹೇಳಿದ್ದು ನೆನಪಿತ್ತು. ಅಣ್ಣ ನನ್ನ ಮುಖವನ್ನೇ ನೋಡಿದ. ಆಮೇಲೆ ಕೂಗಿದ: "ಚೌಡಮ್ನೋರೇ, ಅಳಲೆಕಾಯಿ ಐತಾ?"

"ಬಣ್ಣದ ಮನೇಲಿ ಅಳಲೆಕಾಯಿ ಇಲ್ದೆ ಇದ್ದಾತಾ?" ಎಂದು ಅವರು ಎದ್ದೇಬಿಟ್ಟರು.

ಮೊದಲು ಹುಣಿಸೆ ಸೊಪ್ಪಿನ ತುಂಡನ್ನೇ ಸೋಡಾಕ್ಕೆ ಹಾಕಿ ನೀಲಿ ತೆಗೆದೆವು. ಆಮೇಲೆ ಅಳಲೆಕಾಯಿ ನೀರು. ಸುತ್ತಲ ಬಟ್ಟೆ ಮೆಲ್ಲಗೆ ಕಪ್ಪೇರಿತು, ಎಲೆಗಳು ತಿಳಿಯಾಗಿ ನಿಂತವು. ಅಣ್ಣ ನಿಂತಲ್ಲೇ ಕುಣಿದ. ಆದರೂ ಮುಖವಿದ್ದ ಬಟ್ಟೆಯನ್ನು ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ. "ನೀನೇ ಆಕು" ಎಂದ.

ಹಾಕಿದೆ. ಹಂಡೆಯ ಸುತ್ತ ಎಲ್ಲರೂ ಬಗ್ಗಿ ಕುಳಿತೆವು. ಮೊದಲು ಕಣ್ಣು ಬಂತು. ಆಮೇಲೆ ಮೀಸೆ. ಕೆನ್ನೆಯ ನೆರಳು, ರುಮಾಲಿನ ಮಡಿಕೆ. ನೀಲಿಯಲ್ಲಿ ಕಾಣದಿದ್ದ ಹಣೆಯ ಗೆರೆ ಕೂಡ ಬಂತು. "ಬಂದ್ರು ಕಣವ್ವ, ಬಂದ್ರು!" ಎಂದು ಚೌಡಮ್ಮ ನನ್ನ ಬೆನ್ನಿಗೆ ಗುದ್ದಿದ ನೋವು ಎರಡು ದಿನ ಇತ್ತು.

ಮರುದಿನ ಹನೂರಿನ ಬಸ್ಸು. ದಾರಿಯುದ್ದಕ್ಕೂ ಬಟ್ಟೆಯ ಸುರುಳಿ ನನ್ನ ಮಡಿಲಲ್ಲಿ, ಮಗು ಅಣ್ಣನ ಹೆಗಲ ಮೇಲೆ. ಜಗಲಿಯಲ್ಲಿ ಕುಳಿತಿದ್ದ ಅತ್ತೆಯ ಮುಂದೆ ಬಿಚ್ಚಿ ಹಿಡಿದೆ. ಅವರು ಬೆರಳು ಮುಟ್ಟಿಸದೆ ಬಹಳ ಹೊತ್ತು ನೋಡಿದರು. ನೀಲಿ ಹೋದ ಕಥೆಯನ್ನು ಅಣ್ಣ ಸಂಕೋಚದಿಂದ ಹೇಳಿದ.

"ಓದ್ರೆ ಓಗ್ಲಿ ಬುಡಪ್ಪ. ನೀಲಿ ಆಗಿದ್ರೆ ಯಾವ್ದೋ ದ್ಯಾವ್ರು ಅಂತ ಕೈ ಮುಗ್ದುಬುಡ್ತಿದ್ದೆ. ಇವ್ನು ನನ್ ಮಗ. ಬಿಸ್ಲಲ್ಲಿ ಉತ್ತು ಬಂದ್ರೆ ಇದೇ ಬಣ್ಣವೇ ಇದ್ದುದ್ದು" ಎಂದರು. ಮಗುವನ್ನು ತೊಡೆಗೆ ಎಳೆದುಕೊಂಡು, "ನೋಡ್ಲಾ, ನಿಮ್ಮಪ್ಪ" ಎಂದು ತೋರಿಸಿದರು. ನಿಮ್ಮ ಅಪ್ಪ ಮೀಸೆಗೆ ಬೆರಳಿಟ್ಟ.

ಮಾರನೆಯ ಬೆಳಿಗ್ಗೆ ಅಣ್ಣ ಹೊರಟ. ಬಸ್ಸು ಹೊಗೆ ಕಾರುತ್ತ ತಿರುವು ಮುಟ್ಟಿದಾಗ ಅವನ ತಲೆ ಕಿಟಕಿಯಿಂದ ಹೊರಬಂತು. "ಗೌರೀ! ಅಳಲೆಕಾಯಿ ನೀರಲ್ಲಿ ಎಷ್ಟೊತ್ತು ಇಟ್ಟಿದ್ವೇ?"

ಜಗಲಿಗಳ ತುಂಬ ಹಿರಿಯರು ಕುಳಿತಿದ್ದರು. ಸೊಸೆಯಾಗಿ ಬಂದ ಮೇಲೆ ಆ ಬೀದಿಯಲ್ಲಿ ನಾನು ದನಿ ಎತ್ತಿದವಳೇ ಅಲ್ಲ.

"ಮುದ್ದೆ ಬೇಯೋ ಅಷ್ಟೊತ್ತು ಕಣಣ್ಣಾ!" ಎಂದು ಕೂಗಿದೆ.