ನಂಜುಂಡಾಚಾರಿ ಗೊತ್ತುಮಾಡಿದ ಸ್ನೋಬೋರ್ಡ್

ತೆರಕಣಾಂಬಿಯ ನಂಜುಂಡಾಚಾರಿ ಐವತ್ತು ವರ್ಷದಿಂದ ನೊಗ ಮಾಡುತ್ತ ಬಂದವರು. ಹಿಮವನ್ನು ಕಣ್ಣಲ್ಲಿ ಕಂಡವರಲ್ಲ. ಸುತ್ತಲಿನ ಎತ್ತುಗಳ ಅಳತೆಯೆಲ್ಲ ಅವರ ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು.

ಪಕ್ಕದ ಮನೆಯ ಶಿವರಂಜನಿ ಗುಂಡ್ಲುಪೇಟೆಯ ಶಾಲೆಯಲ್ಲಿ ಆಟದ ಟೀಚರು. ಮನಾಲಿಯಲ್ಲಿ ಸ್ನೋಬೋರ್ಡ್ ಕಲಿಯಲು ಅವಳಿಗೆ ಅವಕಾಶ ಸಿಕ್ಕಿತ್ತು. ಹಿಮದ ಮೇಲೆ ನಿಂತು ಜಾರುವ ಆ ಹಲಗೆಯ ಅಳತೆಯನ್ನು ಅಲ್ಲಿಯವರಿಗೆ ಸಂಜೆಯೊಳಗೆ ತಿಳಿಸಬೇಕು. ತಪ್ಪು ಹೇಳಿದರೆ ಹತ್ತು ದಿನವೂ ಅದರಲ್ಲೇ ಒದ್ದಾಡಬೇಕು.

"ಗಲ್ಲದ ಮಟ್ಟ ಇರ್ಬೇಕಂತೆ ತಾತ. ನನ್ ಗಲ್ಲಕ್ಕೆ ನೂರೈವತ್ತು ಸೆಂಟಿಮೀಟ್ರು."

"ತೂಕ ಎಷ್ಟಮ್ಮಿ?"

"ನಲ್ವತ್ತೆಂಟು ಕೆಜಿ."

ಆಚಾರಿಗೆ ಬದನಗುಪ್ಪೆಯ ಒಂದು ಬಡಕಲು ಎತ್ತು ನೆನಪಾಯಿತು. ಅದರ ಎತ್ತರ ನೋಡಿ ಭಾರದ ನೊಗ ಕೊಟ್ಟಿದ್ದರು. ವಾರದೊಳಗೆ ಹೆಗಲು ಹುಣ್ಣಾಗಿತ್ತು.

"ಎತ್ರ ನಂಬ್ಬುಟ್ಟು ಕೆಟ್ಟಿವ್ನಿ ಕಣಮ್ಮಿ. ನೀನೂ ಬಡಕ್ಲು. ಉಳಾಕೊಂದು ನೊಗ, ಗಾಡಿಗೊಂದು ನೊಗ. ನಿಂಗೆ ಜೋರಾಗಿ ಓಡ್ಸಕ್ಕೋ, ಕಲಿಯಕ್ಕೋ?"

"ಕಲಿಯಕ್ಕೆ."

"ಅಂಗಾರೆ ಗಿಡ್ಡಕ್ಕಿರೋದು, ಬಾಗೋದು ತಕ್ಕೊ. ಪಾದ ಅಂಚಿಂದ ಆಚ್ಗೆ ಬರ್ದಂಗೆ ನೋಡ್ಕೊ."

ಶಿವರಂಜನಿ ಮೊಬೈಲಿನಲ್ಲಿ ತೂಕದ ಪಟ್ಟಿ ತೆಗೆದಳು. ಅವಳ ತೂಕಕ್ಕೆ ನೂರ ನಲವತ್ತೆರಡು ಎಂದಿತ್ತು. ಅದನ್ನೇ ಆಚಾರಿಗೂ ಹೇಳಿ, ಬರೆದು ಕಳಿಸಿದಳು.

ತಿಂಗಳ ಮೇಲೆ ಬಂದವಳು, "ಬಿದ್ದಿದ್ದು ಬಿದ್ದೆ ತಾತ, ಆದ್ರೆ ಹಲಗೆ ಹೇಳಿದ್ ಕಡೆ ತಿರುಗ್ತು" ಎಂದಳು. ಅಷ್ಟರಲ್ಲಿ ಬಾಗಿಲು ಕಣ್ಣಿಗೆ ಬಿತ್ತು. ಎತ್ತುಗಳ ಅಳತೆಯ ಕೆಳಗೆ 'ಶಿವರಂಜನಿ ೧೪೨' ಎಂದಿತ್ತು.

"ಎತ್ತಿನ್ ಸಾಲಲ್ಲಿ ನನ್ನೆಸ್ರಾ!"

"ಸುಮ್ಕಿರಮ್ಮಿ. ಸರ್ಯಾಗಿ ಕುಂತಿದ್ನೆಲ್ಲ ಅಲ್ಲೇ ಬರಿಯದು."