ಸೋಂಬೇರಿ ಚಿಕ್ಕಮ್ಮನ ಗುಳಿಗೆ

ನಮ್ಮ ಚಿಕ್ಕಮ್ಮನನ್ನು ಮೊದಲು ಸೋಂಬೇರಿ ಎಂದವರು ಯಾರು ಎಂದು ನನಗೆ ನೆನಪಿಲ್ಲ. ಅಜ್ಜಿಯೇ ಇರಬೇಕು. ಎರಡನೆಯ ಸಲ ಅಂದವಳಂತೂ ನಾನೇ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ನನಗೆ ಆಗಬೇಕಾದ್ದೇನೂ ಇಲ್ಲ. ದೇಹದ ವಿಷಯ, ಗ್ರಂಥಿಗಳ ವಿಷಯ ಇಷ್ಟು ತಿಳಿಯಾಗಿ ಬರೆಯುವುದನ್ನು ಎಲ್ಲಿ ಕಲಿತಿರಿ ಎಂದು ಓದುಗರು ಕಾಗದ ಬರೆದು ಕೇಳುತ್ತಾರೆ. ಏನೋ ಒಂದು ಮರ್ಯಾದೆಯ ಉತ್ತರ ಕೊಟ್ಟು ಸುಮ್ಮನಾಗುತ್ತೇನೆ. ಅಜ್ಜಿಯ ಕೈಲಿ ಕೆನ್ನೆಗೆ ಏಟು ತಿಂದು ಕಲಿತೆ ಎಂದು ಹೇಗೆ ಬರೆಯಲಿ?

ನಮ್ಮದು ಮಾಲೂರಿನಿಂದ ಮಾಸ್ತಿಗೆ ಹೋಗುವ ದಾರಿಯಲ್ಲಿ, ಪೇಟೆಗೆ ಎರಡು ಮೈಲಿ ದೂರದ ಹಳ್ಳಿ. ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ ಎಲ್ಲ ಒಂದೇ ಒಲೆಯಲ್ಲಿ ಉಣ್ಣುವ ಮನೆ. ಚಿಕ್ಕಪ್ಪ ಮದುವೆಯಾಗಿ ಚಿಕ್ಕಮ್ಮನನ್ನು ಕರೆತಂದಾಗ ನನಗೆ ಐದು ವರ್ಷ. ಅವಳು ಶ್ರೀನಿವಾಸಪುರದ ಕಡೆಯವಳು, ಮನೆಮಾತು ತೆಲುಗು. ಮಾವಿನಕಾಯನ್ನು ಮೂಗಿನ ಹತ್ತಿರ ಹಿಡಿದು, ಇದು ಇನ್ನೆಷ್ಟು ದಿನಕ್ಕೆ ಹಣ್ಣಾಗುತ್ತದೆ ಎಂದು ಹೇಳುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ. ಬೆಳಗಾಗುವುದರೊಳಗೆ ಅಂಗಳ ಗುಡಿಸಿ, ಸಾರಿಸಿ, ಎರಡು ಬಿಂದಿಗೆ ನೀರು ಹೊತ್ತು ಬಾವಿಯಿಂದ ಓಡಿಕೊಂಡೇ ಬರುವಳು. ಅಜ್ಜಿಗೆ ಎದುರು ಮಾತಾಡುವ ಎದೆಗಾರಿಕೆ ಆ ಮನೆಯಲ್ಲಿ ಇದ್ದದ್ದು ಅವಳೊಬ್ಬಳಿಗೆ. ಅಜ್ಜಿ ಹೊರಗೆ ಬೈದರೂ ಒಳಗೊಳಗೆ ಅದು ಅವಳಿಗೆ ಇಷ್ಟವಾಗಿತ್ತು. "ಬಾಯಿ ನೋಡು ಇವಳದ್ದು, ಬಜಾರಿ!" ಎನ್ನುವಾಗ ಅಜ್ಜಿಯ ಮುಖದಲ್ಲಿ ನಗು ಇರುತ್ತಿತ್ತು.

"ರಾಮ್ಮಾ ಬಂಗಾರು", ಬಾರಮ್ಮ ಬಂಗಾರ, ಎಂದು ಅವಳು ತನ್ನ ತೆಲುಗಿನಲ್ಲಿ ಕರೆದರೆ ನಾನು ಹೋಗಿ ಅವಳ ಮಂಡಿಯ ನಡುವೆ ಕೂರಬೇಕು. ಏಳರ ಮಗ್ಗಿ ಹೇಳಿ ಮುಗಿಸುವುದರೊಳಗೆ ನನ್ನ ಜಡೆ ಮುಗಿದಿರುತ್ತಿತ್ತು. ಹರಳೆಣ್ಣೆ ಬೆರೆತ ಅವಳ ಕೈಯ ವಾಸನೆ ಈಗಲೂ ನನಗೆ ಬೇಕು ಅನ್ನಿಸುತ್ತದೆ.

ನನಗೆ ಹತ್ತು ದಾಟಿದ ಮೇಲೆ ಅವಳು ಬದಲಾದಳು. ಒಂದೇ ದಿನಕ್ಕೆ ಅಲ್ಲ, ಹಾಗಾಗಿದ್ದರೆ ಯಾರಾದರೂ ಗಮನಿಸುತ್ತಿದ್ದರೇನೋ. ಮೊದಲು ಹಾಡು ನಿಂತಿತು. ಆಮೇಲೆ ದನಿ ದಪ್ಪವಾಯಿತು. ಮುಖ ಊದಿ ಕಣ್ಣು ಸಣ್ಣಗಾದವು. ಬಾಚಿದರೆ ಹಿಡಿ ಹಿಡಿ ಕೂದಲು. ಚೈತ್ರದ ಸೆಕೆಯಲ್ಲಿ ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ಅವಳು ಕಂಬಳಿ ಹೊದ್ದು ಒಲೆಯ ಪಕ್ಕ ಕೂತಿರುತ್ತಿದ್ದಳು. ನನ್ನ ಜಡೆ ಅರ್ಧ ಹೆಣೆದು ಕೈ ನಿಲ್ಲಿಸಿಬಿಡುವಳು. ತಿರುಗಿ ನೋಡಿದರೆ ಗೋಡೆ ನೋಡುತ್ತಿರುವಳು. ಸ್ಕೂಲಿಗೆ ತಡವಾಗಿ ಹೋಗಿ ಮೇಷ್ಟ್ರ ಕೈಲಿ ಬೆತ್ತದ ಏಟು ತಿಂದ ದಿನ ನಾನು ಮನೆಗೆ ಬಂದು, "ಸೋಂಬೇರಿ! ನಿನ್ನಿಂದ ನಂಗೆ ಏಟು!" ಎಂದು ಕಿರುಚಿದೆ. ಅವಳು ಬಹಳ ಹೊತ್ತಿನ ಮೇಲೆ, "ಹೌದಾ?" ಅಂದಳು. ನನಗೆ ಇನ್ನೂ ಸಿಟ್ಟು ಬಂತು.

ಅಜ್ಜಿಗಂತೂ ಅವಳು ಎದುರು ಮಾತಾಡದೆ ಹೋದದ್ದೇ ದೊಡ್ಡ ಅಪರಾಧವಾಗಿ ಕಂಡಿತು. "ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲಲ್ಲ" ಎಂದು ದಿನಕ್ಕೆ ಹತ್ತು ಸಲ ಅನ್ನುವಳು. ದರ್ಗಾದಿಂದ ತಾಯಿತ ತಂದು ಕಟ್ಟಿದ್ದಾಯಿತು, ಅಮ್ಮನವರಿಗೆ ಹರಕೆ ಹೊತ್ತದ್ದಾಯಿತು, ಮೂರು ದಿನ ಬೇವಿನ ಕಷಾಯ ಕುಡಿಸಿದ್ದಾಯಿತು. ಏನೂ ಆಗದಿದ್ದಾಗ ಅಜ್ಜಿ ತೀರ್ಪು ಕೊಟ್ಟಳು. "ಹುಟ್ಟುಗುಣ ಸುಟ್ಟರೂ ಹೋಗಲ್ಲ. ಹೊಸದರಲ್ಲಿ ನಾಟಕ ಆಡಿದ್ಲು, ಈಗ ನಿಜ ಗುಣ ಕಾಣ್ತಿದೆ. ಒಂದು ಮಗೂನೂ ಇಲ್ಲ." ಚಿಕ್ಕಪ್ಪನಿಗೆ ಮುಳಬಾಗಿಲ ಹತ್ತಿರದ ಒಂದು ಹೆಣ್ಣು ನೋಡಿದರು. ರಾಗಿ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ಮೇಲೆ ವೀಳ್ಯ ಬದಲಾಯಿಸುವುದು, ಚಿಕ್ಕಮ್ಮನನ್ನು ಅವಳ ಅಣ್ಣನ ಮನೆಗೆ ಬಿಟ್ಟು ಬರುವುದು ಎಂದಾಯಿತು. ಇದನ್ನೆಲ್ಲ ಅವಳ ಎದುರಿಗೇ ಮಾತಾಡಿದರು. ಅವಳು ಕಂಬಳಿಯೊಳಗಿಂದ ಕೇಳಿಸಿಕೊಳ್ಳುತ್ತ ಕೂತಿದ್ದಳು. ಆಗ ಮೊದಲ ಸಲ ನನಗೆ ಭಯವಾಯಿತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಸೀಮೆಎಣ್ಣೆಗೂ ಪರದಾಟ, ಪೆಟ್ರೋಲಿಲ್ಲದೆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಅಂಥದ್ದರಲ್ಲಿ ನಮ್ಮ ಮಾಲೂರಿನ ಸ್ಕೂಲಿಗೆ ಬೆಂಗಳೂರಿನಿಂದ ಒಬ್ಬರು ಡಾಕ್ಟರು ಬಂದರು, ಜನರಿಗೆ ಕನ್ನಡದಲ್ಲಿ ವಿಜ್ಞಾನ ಹೇಳುವುದಕ್ಕೆ. ಜೊತೆಗೆ ಗೋಡೆಯ ಮೇಲೆ ಚಿತ್ರ ಬೀಳಿಸುವ ಮ್ಯಾಜಿಕ್ ಲ್ಯಾಂಟರ್ನ್. ಮಧ್ಯಾಹ್ನದ ಹೊತ್ತು, ಕಿಟಕಿಗೆಲ್ಲ ಕಂಬಳಿ ಕಟ್ಟಿ ಕತ್ತಲೆ ಮಾಡಿದರು. ಪರದೆ ಇಲ್ಲವೆಂದು ಹೆಡ್ಮಾಸ್ಟರು ತಮ್ಮ ಮಡಿ ಪಂಚೆಯನ್ನೇ ಗೋಡೆಗೆ ಹೊಡೆಸಿದರು. ಸಭೆ ತುಂಬಲೆಂದು ಮಕ್ಕಳನ್ನೆಲ್ಲ ಮುಂದೆ ಕೂರಿಸಿದರು.

ಆ ಡಾಕ್ಟರು ಒಳ್ಳೆಯವರು, ಆದರೆ ಅಯ್ಯೋ, ಅವರ ಕನ್ನಡ! "ನಿರ್ನಾಳ ಗ್ರಂಥಿಗಳ ಅಂತಃಸ್ರಾವವು ರಕ್ತಗತವಾಗಿ ಸ್ವಭಾವವನ್ನು ನಿಯಂತ್ರಿಸುತ್ತದೆ" ಎಂದು ಶುರುಮಾಡಿದರು. ಹಿಂದೆ ಕೂತಿದ್ದ ಊರಿನ ಹಿರಿಯರು ಕತ್ತಲೆ ಸಿಕ್ಕಿತೆಂದು ಗೊರಕೆ ಹೊಡೆಯತೊಡಗಿದರು. ಅಷ್ಟರಲ್ಲಿ ಪಂಚೆಯ ಮೇಲೆ ಇಬ್ಬರು ಹೆಂಗಸರ ಚಿತ್ರ ಬಂತು. ಒಬ್ಬಳು ಊದಿದ ಮುಖದ ಮುದುಕಿ, ಇನ್ನೊಬ್ಬಳು ಚುರುಕು ಕಣ್ಣಿನವಳು. ಯಾರೋ, "ತಾಯಿ ಮಗಳು" ಅಂದರು. ಡಾಕ್ಟರು, "ಅಲ್ಲ. ಇಬ್ಬರೂ ಒಬ್ಬಳೇ. ನಡುವೆ ಕೆಲವು ತಿಂಗಳ ಔಷಧ" ಅಂದರು. ಕುತ್ತಿಗೆಯಲ್ಲಿ ಒಂದು ಗ್ರಂಥಿ ಇದೆ, ಅದರ ರಸ ಕಡಮೆಯಾದರೆ ಮನುಷ್ಯ ಮಂಕಾಗುತ್ತಾನೆ, ಚಳಿ ಎನ್ನುತ್ತಾನೆ, ಮರೆಯುತ್ತಾನೆ, ದನಿ ದಪ್ಪವಾಗುತ್ತದೆ, ಕೂದಲು ಉದುರುತ್ತದೆ ಎಂದರು. ಆ ಊದಿದ ಮುಖ ನಮ್ಮ ಮನೆಯ ಒಲೆಯ ಪಕ್ಕ ಕೂತದ್ದೇ.

ಮನೆಗೆ ಎರಡು ಮೈಲಿಯನ್ನೂ ಓಡಿದೆ. ಆಗ ಕಾರ್ತಿಕ ಮಾಸ, ಸಂಕ್ರಾಂತಿಗೆ ಎರಡೇ ತಿಂಗಳು ಉಳಿದಿತ್ತು. ಅಂಗಳದಿಂದಲೇ, "ಅಜ್ಜೀ, ಚಿಕ್ಕಮ್ಮಂಗೆ ನಿರ್ನಾಳ ಗ್ರಂಥಿ!" ಎಂದು ಕೂಗಿದೆ. ಅಜ್ಜಿ, "ಅದ್ಯಾವ ದೆವ್ವವೇ ಹೊಸದು?" ಅಂದಳು. ಅಂತಃಸ್ರಾವ ಅಂದೆ, ರಕ್ತಗತ ಅಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಗಿಣಿ ಹಾಗೆ ಒಪ್ಪಿಸಿದೆ. ಅಪ್ಪ, "ಓದು ಜಾಸ್ತಿ ಆಯ್ತು ಇವಳಿಗೆ" ಎಂದು ಎದ್ದು ಹೋದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ನಾನು ಅತ್ತೆ. ಈಗ ಯೋಚಿಸಿದರೆ ತಪ್ಪು ಕಿನ್ನರಿಯದ್ದೇ.

ಒಂದು ವಾರ ಕಳೆಯಿತು. ಒಂದು ಸಂಜೆ ಗಂಡಸರು ಪಡಸಾಲೆಯಲ್ಲಿ ಉಣ್ಣಲು ಕೂತಿದ್ದರು. ಅಜ್ಜಿ ಬಡಿಸುತ್ತ ಮತ್ತೆ ತನ್ನ ಹುಟ್ಟುಗುಣದ ಪುರಾಣ ತೆಗೆದಳು. ನನಗೆ ತಡೆಯಲಾಗಲಿಲ್ಲ.

"ಹುಟ್ಟುಗುಣ ಹೋಗಲ್ವಾ ಅಜ್ಜಿ? ನಮ್ಮ ಕೆಂದ ಹೋರಿ ಹೋದ ವರ್ಷ ಚಿಕ್ಕಪ್ಪನ್ನ ಬೇಲಿ ಮೇಲೆ ಎಸೀತಲ್ಲ, ಅದರ ಹುಟ್ಟುಗುಣ ಎಲ್ಲಿ ಹೋಯ್ತು? ಈಗ ಅದರ ಬೆನ್ನ ಮೇಲೆ ಮಕ್ಕಳು ಮಲಗ್ತಾರೆ. ಅದಕ್ಕೆ ಯಾರು ಬುದ್ಧಿ ಹೇಳಿದ್ರು? ಬೀಜ ಒಡೆಸಿದ್ರಿ, ಗುಣ ಹೋಯ್ತು. ಅಷ್ಟೇ ತಾನೇ?"

ಹದಿಮೂರು ವರ್ಷದ ಹುಡುಗಿ, ಗಂಡಸರ ಪಂಕ್ತಿಯ ಮುಂದೆ, ಆ ಮಾತು! ಅಜ್ಜಿಯ ಕೈ ನನ್ನ ಕೆನ್ನೆಗೆ ಬಿದ್ದದ್ದು ಕೊಟ್ಟಿಗೆಗೂ ಕೇಳಿಸುವಷ್ಟು ಜೋರಾಗಿತ್ತು. ಚಿಕ್ಕಪ್ಪ ಮುರಿದ ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದು ತಲೆ ತಗ್ಗಿಸಿ ಕೂತ. ಅಮ್ಮ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋದರೆ ಅಜ್ಜಿ ಆ ಕೆಂದ ಎತ್ತಿನ ಮುಂದೆ ಸುಮ್ಮನೆ ನಿಂತಿದ್ದಳು. ಅದು ಮೆಲುಕು ಹಾಕುತ್ತ ಅವಳ ಮುಖ ನೋಡುತ್ತಿತ್ತು.

"ಇಲ್ಲಿ ಬಾರೇ," ಅಂದಳು. "ನಿನ್ನೆ ಅಂದ್ಯಲ್ಲ, ಇನ್ನೊಂದ್ಸಲ ಹೇಳು. ಮೆತ್ತಗೆ ಹೇಳು. ಇದರದ್ದು ಬೀಜದಲ್ಲಿತ್ತು. ಅವಳದ್ದು ಎಲ್ಲಿದೆ ಅಂದೆ?"

"ಕುತ್ತಿಗೇಲಿ ಅಜ್ಜಿ. ಅದರಲ್ಲಿ ರಸ ಬತ್ತಿದೆ. ಅದಕ್ಕೇ ಹಂಗೆ ಕೂತಿರ್ತಾಳೆ."

"ತೆಗೆದರೆ ಗುಣ ಹೋಗುತ್ತೆ, ಸರಿ. ಅದು ನಾನೂ ಕಂಡಿದೀನಿ. ತಿರುಗ ಹಾಕಿದ್ರೆ ಬರುತ್ತಾ?"

"ಬರುತ್ತೆ ಅಂದ್ರು."

"ಅಂದ್ರಾ? ನೀನು ನೋಡಿದ್ಯಾ?"

"ಚಿತ್ರ ನೋಡ್ದೆ."

ಅಕ್ಷರ ಬಾರದ ನನ್ನ ಅಜ್ಜಿ ಸಗಣಿ ಬುಟ್ಟಿ ಸೊಂಟದಲ್ಲಿಟ್ಟುಕೊಂಡು ಕೇಳಿದ 'ತಿರುಗ ಹಾಕಿದ್ರೆ ಬರುತ್ತಾ?' ಎಂಬ ಆ ಪ್ರಶ್ನೆಯೇ ಈ ಗ್ರಂಥಿಶಾಸ್ತ್ರದ ಬುಡ ಎಂದು ಮುಂದೆ ಕಾಲೇಜಿನಲ್ಲಿ ಓದುವಾಗ ನನಗೆ ತಿಳಿಯಿತು. ಆ ದಿನ ಅವಳು, "ಸಂಕ್ರಾಂತಿವರೆಗೆ ನೋಡೋಣ. ಆಮೇಲೆ ನನ್ನ ಕೇಳಬೇಡಿ" ಎಂದು ಹೇಳಿ ಚಿಕ್ಕಪ್ಪನನ್ನು ಎಬ್ಬಿಸಿದಳು.

ಕೋಲಾರದ ಆಸ್ಪತ್ರೆಗೆ ನಾಲ್ಕು ಜನ ಹೋದೆವು, ಚಿಕ್ಕಮ್ಮ ಕಂಬಳಿ ಸಮೇತ. ಅಲ್ಲಿಯ ಡಾಕ್ಟರು ಅವಳ ನಾಡಿ ಹಿಡಿದು ಬಹಳ ಹೊತ್ತು ಗಡಿಯಾರ ನೋಡಿದರು. ನಾಲಿಗೆ ನೋಡಿದರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಎಷ್ಟು ವರ್ಷದಿಂದ ಹೀಗಿದ್ದಾರೆ? ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಗದರಿದರು. ಗುಳಿಗೆಯ ಸಣ್ಣ ಸೀಸೆ ಕೊಟ್ಟು, ಇದು ಹೊರದೇಶದಿಂದ ಬರಬೇಕು, ಯುದ್ಧದಿಂದ ಸರಿಯಾಗಿ ಬರುತ್ತಿಲ್ಲ, ಜೀವಮಾನ ಪೂರ್ತಿ ತಗೊಳ್ಳಬೇಕು ಎಂದರು. ಕುರಿಯ ಕುತ್ತಿಗೆಯ ಗ್ರಂಥಿ ಒಣಗಿಸಿ ಮಾಡಿದ್ದು ಎಂದಾಗ ಅಜ್ಜಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವನೇ, ಅದನ್ನ ನಾವು ನಾಯಿಗೆ ಎಸೀತಿದ್ವಲ್ಲೋ!"

ಮೊದಲ ಎರಡು ವಾರ ಏನೂ ಆಗಲಿಲ್ಲ. ನಾನು ಸ್ಕೂಲಿನಿಂದ ಬಂದವಳೇ ಅವಳ ಮುಖ ನೋಡುತ್ತಿದ್ದೆ, ಬೆರಳಲ್ಲಿ ಸಂಕ್ರಾಂತಿಯ ದಿನ ಎಣಿಸುತ್ತಿದ್ದೆ. ಮೂರನೆಯ ವಾರ ಅವಳು ಕಂಬಳಿಯನ್ನು ಹೆಗಲಿನಿಂದ ಜಾರಿಸಿ, "ಏನು ಸೆಕೆ ಇವತ್ತು" ಅಂದಳು. ಮಾರ್ಗಶಿರದ ಚಳಿ! ಅಮ್ಮ ಅತ್ತೇಬಿಟ್ಟಳು. ಆಮೇಲೆ ಮುಖದ ಬಾವು ಇಳಿಯಿತು. ಒಂದು ದಿನ ಒಣಹಾಕಿದ ಅವರೆಕಾಳಿಗೆ ಬಾಯಿ ಹಾಕಿದ ಕೋಳಿಯನ್ನು ತೆಲುಗಿನಲ್ಲಿ ಅದರ ವಂಶ ಸಮೇತ ಬೈದು ಓಡಿಸಿದಳು. ಅಜ್ಜಿ ಒಳಗಿಂದ, "ಬಂದ್ಲು ಬಜಾರಿ!" ಅಂದಳು. ಬಾವಿಕಟ್ಟೆಯ ಹೆಂಗಸರು ನನ್ನನ್ನು ನಿಲ್ಲಿಸಿಕೊಂಡು ಕೇಳುವರು. ನಾನು ನಿರ್ನಾಳ ಬಿಟ್ಟು ಹೋರಿಯಿಂದ ಶುರುಮಾಡುವೆ. ಅವರು ಬಿದ್ದು ಬಿದ್ದು ನಗುವರು, ನಕ್ಕವರಿಗೆಲ್ಲ ಅರ್ಥವಾಗುವುದು. ಅಷ್ಟು ಒಳ್ಳೆಯ ಸಭೆ ನನಗೆ ಆಮೇಲೆ ಸಿಗಲಿಲ್ಲ.

ಸಂಕ್ರಾಂತಿಗೆ ಚಿಕ್ಕಪ್ಪ ಮುಳಬಾಗಿಲಿಗೆ ಹೇಳಿಕಳಿಸಿ ಆ ಸಂಬಂಧ ಬಿಟ್ಟ. ಚಿಕ್ಕಮ್ಮ ತಾನೇ ಎಳ್ಳು ಹುರಿದು ಬೆಲ್ಲ ಹೆಚ್ಚಿದಳು, ಹಾಡಿಕೊಂಡು. ನಾನು ಗೆದ್ದೆ ಅಂದುಕೊಂಡೆ.

ಶಿವರಾತ್ರಿಗೆ ಮುಂಚೆ ಒಂದು ದಿನ ಸ್ಕೂಲಿನಿಂದ ಬಂದರೆ ಜಗಲಿಯ ಮೇಲೆ ಅವಳ ತಗಡಿನ ಪೆಟ್ಟಿಗೆ ಇತ್ತು. ಅವಳ ಅಣ್ಣ ಗಾಡಿ ತಂದಿದ್ದ. ಚಿಕ್ಕಪ್ಪ ಬಾಗಿಲಲ್ಲಿ ನಿಂತು, "ಆ ಸಂಬಂಧ ಬಿಟ್ಟೆ ಅಂದೆನಲ್ಲ, ಇನ್ನೇನು ಮಾಡ್ಲಿ?" ಅನ್ನುತ್ತಿದ್ದ.

ಚಿಕ್ಕಮ್ಮ ದನಿ ಏರಿಸಲಿಲ್ಲ. "ನೀವು ಬಿಟ್ಟಿದ್ದು ನಾನು ಹುಷಾರಾದೆ ಅಂತ. ಆಗದೇ ಇದ್ದಿದ್ರೆ? ಯುದ್ಧ ನಡೀತಿದೆ. ನಾಳೆ ಈ ಗುಳಿಗೆ ಬರದೆ ಹೋಗಿ ಮತ್ತೆ ನಾನು ಒಲೆ ಪಕ್ಕ ಕೂತರೆ, ಮತ್ತೆ ಮುಳಬಾಗಿಲಿಗೆ ಹೋಗ್ತೀರಾ? ಈ ಮನೇಲಿ ಇಷ್ಟು ಜನ ಇದೀರಲ್ಲ, ನಿಂಗೇನಾಗಿದೆ ಅಂತ ಒಬ್ಬರಾದ್ರೂ ನನ್ನ ಕೇಳಿದ್ರಾ?"

ನಾನು ಓಡಿಹೋಗಿ ಅವಳ ಸೊಂಟ ಹಿಡಿದುಕೊಂಡೆ.

"ಚಿಕ್ಕಮ್ಮಾ, ನಾನು ತಾನೇ ನಿನ್ನ ಹುಷಾರು ಮಾಡಿಸಿದ್ದು? ನನಗೋಸ್ಕರ ಇರು."

ಅವಳು ನನ್ನ ಗಲ್ಲ ಹಿಡಿದು ಎತ್ತಿದಳು. ಕಣ್ಣು ತುಂಬಿತ್ತು. "ಹುಷಾರು ಮಾಡಿಸಿದ್ಯಲ್ಲ ಬಂಗಾರು, ಅದಕ್ಕೇ ಹೋಗ್ತಿದೀನಿ. ಮುಂಚೆ ನಂಗೆ ಎದ್ದು ಹೋಗೋಕೂ ಶಕ್ತಿ ಇರಲಿಲ್ಲ."

ಗಾಡಿ ಹೊರಟಿತು. ನಾನು ಸಿಟ್ಟಿನಿಂದ ಬೀದಿಯ ತನಕವೂ ಹೋಗಲಿಲ್ಲ. ಆ ಸಿಟ್ಟಿಗೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಗಾಲಿಯ ಸದ್ದು ನಿಂತ ಮೇಲೆ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತು ನನ್ನನ್ನು ಕರೆದಳು.

"ಅಲ್ಲ ಕಣೇ, ಆ ಡಾಕ್ಟ್ರು ಇದನ್ನ ಹೇಳಲಿಲ್ವಾ?"

"ಯಾವುದನ್ನ ಅಜ್ಜಿ?"

"ಹುಷಾರಾದ ಮೇಲೆ ಏನಾಗುತ್ತೆ ಅಂತ."

"ಇಲ್ಲ ಅಜ್ಜಿ," ಅಂದೆ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಜ್ಜಿ ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯದೆ ಪಕ್ಕದಲ್ಲಿ ಕೂತೆ.